ಸ್ಪಷ್ಟನೆ: ಆ ವಚನ ಹೇಳುವುದು ಕಷ್ಟದ ಮಾತಲ್ಲ

ಕಳೆದ ವಾರ ನಮ್ಮ ಪ್ರಾರ್ಥನಾ ಗುಂಪಿಗೆ ನಾನೇ ಒಂದು ಚಿತ್ರ ಹಾಕಿದ್ದೆ: ಸೂರ್ಯಾಸ್ತ, ಶಿಲುಬೆ, ಹಳದಿ ಅಕ್ಷರದಲ್ಲಿ “ದೇವರು ತಾಳಲಾರದಷ್ಟು ಕಷ್ಟ ಕೊಡುವುದಿಲ್ಲ – 1 ಕೊರಿಂಥ 10:13”. ಅದೀಗ ಮೂರು ಗುಂಪು ದಾಟಿ ನನಗೇ ವಾಪಸ್ ಬಂದಿದೆ. ತಪ್ಪು ನನ್ನದು, ಬೈಬಲಿನ ಆ ವಚನ ಹಾಗೆ ಹೇಳುವುದಿಲ್ಲ. ಅದು ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ್ದು.

ಶಕ್ತಿಗೆ ಮೀರಿದ ಶೋಧನೆ ಬರಲು ದೇವರು ಬಿಡುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಅಂತ ಅಲ್ಲಿದೆ. ಪದ ‘ಶೋಧನೆ’, ‘ಕಷ್ಟ’ ಅಲ್ಲ. ಗ್ರೀಕ್ ಮೂಲದ ಪದಕ್ಕೆ ಪರೀಕ್ಷೆ, ಪ್ರಲೋಭನೆ ಎರಡೂ ಅರ್ಥ ಉಂಟು, ನಿಜ. ಆದರೆ ಹಿಂದೆ ಮುಂದೆ ಓದಿ ನೋಡಿ. ವಿಗ್ರಹಕ್ಕೆ ಅರ್ಪಿಸಿದ ಊಟ, ಕೊರಿಂಥದ ಗುಡಿಯ ಪಂಕ್ತಿ. ಊರೆಲ್ಲ ಕೂತಿರುವಾಗ ತಾನೊಬ್ಬನೇ ಹೇಗೆ ಎದ್ದು ಹೋಗಲಿ ಅನ್ನಿಸುವಂಥ ಸಂದರ್ಭ. 14ನೇ ವಚನವಂತೂ ವಿಗ್ರಹಾರಾಧನೆಯಿಂದ ದೂರ ಓಡಿ ಎಂದೇ ಹೇಳುತ್ತದೆ. ತಪ್ಪಿಸಿಕೊಳ್ಳುವ ದಾರಿಯ ಭರವಸೆ ಇರುವುದು ಈ ಸೆಳೆತಕ್ಕೆ.

ಕಷ್ಟದ ಬಗ್ಗೆ ಪೌಲನ ಮಾತು ಬೇಕಿದ್ದರೆ 2 ಕೊರಿಂಥ 1:8 ತೆಗೆಯಿರಿ. ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಬಲಕ್ಕೆ ಮೀರಿದ ಭಾರ ಬಿತ್ತು, ಬದುಕುವ ನಂಬಿಕೆಯೇ ಹೋಗಿತ್ತು ಅಂತ ಅವನೇ ಬರೆದಿದ್ದಾನೆ.

ದಯವಿಟ್ಟು ಆ ಚಿತ್ರ ಇನ್ನು ಮುಂದೆ ಕಳಿಸಬೇಡಿ. ಆಗಲೇ ಕಳಿಸಿದ್ದರೆ, ಅದರಲ್ಲೂ ಸಾವಾದ ಮನೆಯವರಿಗೆ, ಕೆಳಗೆ ಇದನ್ನೂ ಹಾಕಿ.