ಒಂಬತ್ತನೇ ಹಾಡನ್ನ ಒಂಬತ್ತನೆಯದಾಗೇ ಕೇಳ್ರಪ್ಪಾ

ನಿನ್ನೆ ಮೈಸೂರಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದದ್ದು ಅಕ್ಕನ ಮಗ, ಹಾಗಾಗಿ ಹಾಡೂ ಅವನ ಫೋನಿನದೇ. ಮದ್ದೂರು ದಾಟುವಾಗ ಅಮೆರಿಕದ ರ‍್ಯಾಪರ್ ಎಲ್‌ಎಲ್ ಕೂಲ್ ಜೆಯ ‘ಐ ನೀಡ್ ಲವ್’ ಬಂತು. ನಾನು ವಾಲ್ಯೂಮ್ ಜಾಸ್ತಿ ಮಾಡೋಕೆ ಕೈ ಚಾಚಿದೆ. ಅಷ್ಟರಲ್ಲಿ ಅವನು, ‘ಮಾಮ, ಇವ್ನು ಬರೀ ಲವ್ ಸಾಂಗ್ ಹಾಡೋನಲ್ವಾ?’ ಅಂದ.

ವಡೆ ಗಂಟಲಲ್ಲೇ ನಿಂತಿತು.

ನಾನು ಕ್ಯಾಸೆಟ್ ಕಾಲದ ಗಿರಾಕಿ ಅಂತ ನಿಮಗೆಲ್ಲ ಗೊತ್ತು. ಆ ಹಾಡು ಇರುವುದು ಅವನ ಎರಡನೇ ಆಲ್ಬಂನಲ್ಲಿ, 1987ರ ‘ಬಿಗ್ಗರ್ ಆ್ಯಂಡ್ ಡೆಫರ್’. ಆಗ ಅವನಿಗೆ 19 ವರ್ಷ. ಮೊದಲ ಆಲ್ಬಂ ಮಾಡಿಕೊಟ್ಟ ನಿರ್ಮಾಪಕ ರಿಕ್ ರೂಬಿನ್ ಈ ಸಲ ಇಲ್ಲ. ಶುರುವಾಗೋದೇ ‘ಐಯಾಮ್ ಬ್ಯಾಡ್’ ಇಂದ. ಪೊಲೀಸ್ ವೈರ್‌ಲೆಸ್‌ನಲ್ಲಿ ಆಸಾಮಿಯ ಗುರುತು ಹೇಳ್ತಾರೆ: ಕೆನ್ನೆಯಲ್ಲಿ ಗುಳಿ, ಕಪ್ಪು ಕ್ಯಾಂಗಾಲ್ ಟೋಪಿ, ಚಿನ್ನದ ಸರ. ಕೊನೆಗೆ ಕಂಡದ್ದು ನ್ಯೂಯಾರ್ಕಿನ ಕ್ವೀನ್ಸ್‌ನ ಫಾರ್ಮರ್ಸ್ ಬುಲೆವಾರ್ಡ್‌ ರಸ್ತೆಯಲ್ಲಿ, ಅಂದರೆ ಅವನದೇ ಏರಿಯಾ. ಹುಡುಗನ ಕೊಬ್ಬು ನೋಡಿ! ತನ್ನ ಎಂಟ್ರಿಗೆ ಪೊಲೀಸರ ಕೈಲೇ ಡಂಗುರ ಸಾರಿಸ್ತಾನೆ.

ಎಂಟು ಹಾಡು ಹೆಚ್ಚೂಕಡಿಮೆ ಇದೇ ಗತ್ತು, ಇದೇ ಕಿರುಚಾಟ. ಒಂಬತ್ತನೆಯದಕ್ಕೆ ದನಿ ಇಳಿಯುತ್ತೆ. ಮೆತ್ತಗಿನ ಕೀಬೋರ್ಡ್. ಅದೇ ಹುಡುಗ ಕೋಣೆಯಲ್ಲಿ ಒಬ್ಬನೇ ಕೂತು ಗೋಡೆ ನೋಡ್ತಾ ಪಿಸುಗುಡ್ತಾನೆ. ಆ ಎಂಟನ್ನು ಕೇಳದೆ ಇದೊಂದನ್ನೇ ಕೇಳಿದರೆ ಅದು ಬರೀ ಲವ್ ಸಾಂಗೇ, ಸರಿ. ಆದರೆ ಜಗಳಗಂಟ ಅಳೋದಕ್ಕೂ ಅಳುಮುಂಜಿ ಅಳೋದಕ್ಕೂ ವ್ಯತ್ಯಾಸ ಇಲ್ವಾ? ಫೋನು ಆ ವ್ಯತ್ಯಾಸ ತಿಂದುಹಾಕಿದೆ. ಈ ಹಾಡು ಮುಗಿದ ಮೇಲೆ ಅದು ಹಾಕಿದ್ದೇನು ಗೊತ್ತಾ? ಮೊನ್ನೆ ಮೊನ್ನೆ ಬಂದ ಯಾವುದೋ ಬ್ರೇಕಪ್ ಹಾಡು. ಥೂ.

‘ದುಡ್ಡಿಗಾಗಿ ಮೆತ್ತಗಾದ, ರ‍್ಯಾಪ್ ಕೆಡಿಸಿದ’ ಅನ್ನೋರು ಆಗಲೂ ಇದ್ದರು. ಹಾಡು ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯ್ತು, ಆಲ್ಬಂ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯಲ್ಲಿ 3ರವರೆಗೆ. ಮಾರಾಟ ಆಯ್ತು ಅಂದ ತಕ್ಷಣ ಮಾರಿಕೊಂಡ ಅಂತಲಾ? ಆಲ್ಬಂ ತುಂಬ ಚಿನ್ನ ಅಂತ ನಾನೂ ಹೇಳಲ್ಲ. ಅದರಲ್ಲಿರೋ ‘ದಿ ಬ್ರಿಸ್ಟಲ್ ಹೋಟೆಲ್’ ಹಾಡು ಇವತ್ತು ಕೇಳಿದರೆ ಮುಜುಗರ. ಆದರೂ ಹಾಡುಗಳ ಆ ಸಾಲು ಕೆಡಿಸಬೇಡಿ.

ಇದನ್ನೆಲ್ಲ ಅವನಿಗೆ ಮಂಡ್ಯದವರೆಗೂ ಕೊರೆದೆ. ಪಾಪ, ಸುಮ್ನೆ ಕೇಳಿಸಿಕೊಂಡ. ಆಮೇಲೆ, ‘ನೀವು ಆಗ ಪೂರ್ತಿ ಕೇಳ್ತಿದ್ರಾ ಮಾಮ?’ ಅಂದ.

ಹಿಂದಿನ ಸೀಟಿನಿಂದ ಅಕ್ಕ ಕಿಸಕ್ಕನೆ ನಕ್ಕಳು. ಅವಳಿಗೆ ಗೊತ್ತು. ಆ ಕ್ಯಾಸೆಟ್ಟಿನಲ್ಲಿ ಸವೆದು ಹೋದದ್ದು ಅದೊಂದೇ ಹಾಡು. ಸೆಲ್ಲು ಉಳಿಸೋಕೆ ಪೆನ್ಸಿಲ್ ತೂರಿಸಿ ತಿರುಗಿಸಿ, ಸೀದಾ ಅಲ್ಲಿಗೇ ಹೋಗ್ತಿದ್ದೆ. ಎದುರು ಮನೆ ಕಿಟಕಿ ತೆರೆದಿದ್ದಾಗ ಮಾತ್ರ.