ಪ್ರಮಾಣಪತ್ರ ಕೊಟ್ಟ ಮೇಲೆ ಏನಾಯಿತು?

ಹಸಿರು ರೇಟಿಂಗ್, ಅಂದರೆ ನೀರು, ವಿದ್ಯುತ್ ಉಳಿಸುವ ಪರಿಸರಸ್ನೇಹಿ ಕಟ್ಟಡವೆಂಬ ಪ್ರಮಾಣಪತ್ರ ಪಡೆದ ಬಡಾವಣೆಗಳು ಹೆಚ್ಚಿದಷ್ಟೂ ನಗರ ಸುಧಾರಿಸುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅಷ್ಟು ಸಲೀಸಾಗಿ ಒಪ್ಪಲು ನನಗಾಗುತ್ತಿಲ್ಲ. ನಕ್ಷೆ ನೋಡಿ ಅಂಕ ಕೊಡುವವರಿದ್ದಾರೆ. ಜನ ವಾಸಕ್ಕೆ ಬಂದ ಮೇಲೆ ಇಣುಕಿ ನೋಡುವವರು ವಿರಳ.

ದಕ್ಷಿಣ ಲಂಡನ್ನಿನ ಬೆಡ್‌ಜೆಡ್ ಬಡಾವಣೆಯನ್ನೇ ತೆಗೆದುಕೊಳ್ಳಿ. 2002ರಲ್ಲಿ ಮುಗಿದ, ಸುಮಾರು 100 ಮನೆಗಳ ಈ ಪರಿಸರಸ್ನೇಹಿ ಬಡಾವಣೆ ಆಗ ಎಲ್ಲರಿಗೂ ಮಾದರಿ. ಮರದ ಚೂರು ಬಳಸಿ ವಿದ್ಯುತ್ತನ್ನೂ ಬಿಸಿನೀರನ್ನೂ ಒದಗಿಸಬೇಕಿದ್ದ ಘಟಕ ಪದೇ ಪದೇ ಕೆಟ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಬದಲಿಗೆ ಗ್ಯಾಸ್ ಬಾಯ್ಲರ್ ಬಂತು. ಸಸ್ಯಗಳಿಂದ ಕೊಳಚೆ ನೀರನ್ನು ಶುದ್ಧಗೊಳಿಸುವ ವ್ಯವಸ್ಥೆಗೂ ಅದೇ ಗತಿ. ಆದರೆ 300 ಮಿಲಿಮೀಟರ್ ದಪ್ಪದ ಶಾಖ ನಿರೋಧಕ ತುಂಬಿದ ಗೋಡೆ, ದಕ್ಷಿಣಕ್ಕೆ ತೆರೆದ ಗಾಜಿನ ಕಿಟಕಿಗಳು ಯಾರ ಮರ್ಜಿಯನ್ನೂ ಕಾಯದೆ ಮನೆಯನ್ನು ಬೆಚ್ಚಗಿಟ್ಟವು. ಇದೆಲ್ಲ ಹೊರಬಿದ್ದದ್ದು ಮೀಟರ್ ಓದಿ, ನಿವಾಸಿಗಳನ್ನು ಮಾತನಾಡಿಸಿ ವರದಿ ಮಾಡಿದ್ದರಿಂದ. ನೆರೆಹೊರೆಯ ಎಷ್ಟು ಜನರ ಹೆಸರು ಗೊತ್ತು ಎಂದೂ ಕೇಳಿದ್ದರು. ಸರಾಸರಿ 20 ಬಂತು. (ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿಗಳ ಹೆಸರು ಸೇರಿಸಿದರೂ ಅಷ್ಟಾಗದು.)

ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಕರೆಂಟ್ ಬಿಲ್ ಉಳಿಸಲು ಕೊಳಚೆ ನೀರಿನ ಶುದ್ಧೀಕರಣ ಘಟಕಕ್ಕೆ ಗಾಳಿ ಊದುವ ಯಂತ್ರವನ್ನು ರಾತ್ರಿ ನಿಲ್ಲಿಸುತ್ತಾರೆ. ಅದೇ ನೀರು ಶೌಚಾಲಯಕ್ಕೆ ಬರುವುದರಿಂದ ಬೆಳಿಗ್ಗೆ ಫ್ಲಶ್ ಒತ್ತಿದರೆ ಗಬ್ಬು ವಾಸನೆ. ರೇಟಿಂಗ್ ಫಲಕ ಮಾತ್ರ ಲಾಬಿಯಲ್ಲಿ ಫಳಫಳ ಹೊಳೆಯುತ್ತಿದೆ.

ಪ್ರತಿವರ್ಷದ ನೀರಿನ, ವಿದ್ಯುತ್ತಿನ ಲೆಕ್ಕ ಮತ್ತು ಟ್ಯಾಂಕರ್ ರಸೀದಿಗಳನ್ನು ಒಪ್ಪಿಸದಿದ್ದರೆ ಆ ಫಲಕವನ್ನು ಇಳಿಸಬೇಕೆಂಬ ನಿಯಮವನ್ನು ಲೇಖಕರು ಬೆಂಬಲಿಸುತ್ತಾರೆಯೇ?