ಮೆಂತ್ಯ ಪಲ್ಲೆಗೆ ಇಂಗ್ಲಿಷ್ ರೇಟು

ಬೆಳಗಾವಿಯಲ್ಲಿ ಕಾನೂನು ಪಾಲಿಸುವವರು ಯಾರು ಅಂತ ಕೇಳಿದರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರ ಕಡೆ ಕೈ ತೋರಿಸಬೇಕು. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಗಡೆಯೇ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ? ಈ ಕ್ಲಾಸಿನ ಬೋರ್ಡು ನೋಡಿ. ಮೇಲ್ಗಡೆ, ದಪ್ಪ ಕನ್ನಡ ಅಕ್ಷರದಲ್ಲಿ: ‘ಸ್ಪೋಕನ್ ಇಂಗ್ಲಿಷ್ ಅಂಡ್ ಪರ್ಸನಾಲಿಟಿ ಡೆವಲಪ್‌ಮೆಂಟ್. ಜಾಯಿನ್ ಟುಡೇ. ಲಿಮಿಟೆಡ್ ಸೀಟ್ಸ್.’ ಟೇಪು ಹಿಡಿದು ಅಳೆಯಲು ಬಂದ ಅಧಿಕಾರಿಗೆ ಒಂದಿಂಚೂ ತಪ್ಪು ಸಿಗುವುದಿಲ್ಲ. ಕನ್ನಡ ಉಳಿಯಿತು.

ಒಳಗೆ ಹೋದರೆ ಮೊದಲು ರೋಗ ಪತ್ತೆ. ರೋಗದ ಹೆಸರು ಎಂಟಿಐ, ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಇಂಗ್ಲಿಷಿಗೆ ತಾಯಿನುಡಿಯ ವಾಸನೆ ಹತ್ತಿಕೊಂಡಿದೆ ಅಂತ ಲೆಕ್ಕ. ಬೇರೆ ಊರಲ್ಲಿ ಇದಕ್ಕೆ ಮದ್ದು ಸುಲಭ ಇರಬಹುದು. ಇಲ್ಲಿ ಸರ್ ತಲೆ ಕೆರೆದುಕೊಳ್ಳುತ್ತಾರೆ. ಹುಡುಗನ ಅಪ್ಪ ಕನ್ನಡ, ಅವ್ವ ಮರಾಠಿ, ಓಣಿ ಉರ್ದು, ಖಾನಾಪುರದ ಕಡೆಯ ಅಜ್ಜಿ ಕೊಂಕಣಿ. ಯಾವ ವಾಸನೆ ಮೊದಲು ತೆಗೆಯುವುದು? ಎಲ್ಲ ಒಟ್ಟಿಗೇ ತೆಗೆಯೋಣ ಅಂತ ತೀರ್ಮಾನ ಆಗುತ್ತದೆ. ನಾಲ್ಕು ಭಾಷೆಯಲ್ಲಿ ಜಗಳ ತೆಗೆದು ನಾಲ್ಕರಲ್ಲೂ ರಾಜಿ ಮಾಡಿಕೊಳ್ಳಬಲ್ಲ ಆ ಹುಡುಗನ ಫಾರ್ಮಿನಲ್ಲಿ ಬರೆಯುವುದು: ‘ಕಮ್ಯುನಿಕೇಶನ್ ಸ್ಕಿಲ್, ಪೂರ್.’

ಈಗ ಹೊಸ ಸ್ಕೀಮು ಬಂದಿದೆ. ರೂಮಿನೊಳಗೆ ಕೂತು ಕಲಿತರೆ ನಾಲಿಗೆ ಹೊರಳುವುದಿಲ್ಲವಂತೆ. ಹಾಗಾಗಿ ಭಾನುವಾರ ‘ಸಿಟಿ ವಾಕ್’. ಇಡೀ ಬ್ಯಾಚು ಖಡೇಬಜಾರಿಗೆ ಇಳಿಯುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಸಂಭಾಷಣೆಯ ಪುಸ್ತಕ. ಬಾಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನಾದರೂ ಬಂದರೆ ಹತ್ತು ರೂಪಾಯಿ ದಂಡ, ಸ್ಥಳದಲ್ಲೇ ವಸೂಲಿ. ಸರ್ ರಸೀದಿ ಪುಸ್ತಕ ಹಿಡಿದು ಹಿಂದೆ ಹಿಂದೆ ಬರುತ್ತಾರೆ, ಹೆಲ್ಮೆಟ್ ಇಲ್ಲದವರಿಗೆ ಕಾಯುವ ಟ್ರಾಫಿಕ್ ಪೊಲೀಸರ ಹಾಗೆ.

ಪುಸ್ತಕದ ಪಾಠಗಳು ಯಾವುದೋ ತಣ್ಣಗಿನ ಊರಿನವು. ಮೊದಲು ಹವೆಯ ಬಗ್ಗೆ ನಾಲ್ಕು ಮಾತು. ಆಮೇಲೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ. ರೇಟು ಕೇಳುವುದು ಅದಾದ ಮೇಲೆ. ಖಡೇಬಜಾರಿನಲ್ಲಿ ಅಷ್ಟೊತ್ತಿಗೆ ಹಿಂದಿನಿಂದ ಕೈಗಾಡಿ ಬಂದು ಕಾಲಿಗೆ ಬಡಿದಿರುತ್ತದೆ. ಒಬ್ಬ ಹುಡುಗನಿಗೆ ಹಾಗೇ ಬಡಿಯಿತು. ‘ಯವ್ವಾ!’ ಅಂದ. ಹತ್ತು ರೂಪಾಯಿ. ನೋವಾದರೆ ‘ಔಚ್’ ಅನ್ನಬೇಕಂತೆ.

ಗಣಪತ್ ಗಲ್ಲಿಯಲ್ಲಿ ತಪ್ಪಲು ಪಲ್ಲೆ ಮಾರುವ ಒಬ್ಬ ಆಯಿ ಇದ್ದಾಳೆ. ಗಿರಾಕಿಯ ಮುಖ ನೋಡಿಯೇ ಕನ್ನಡವೋ ಮರಾಠಿಯೋ ಉರ್ದುವೋ ಅಂತ ಗುರುತು ಹಿಡಿಯುತ್ತಾಳೆ. ಕ್ಯಾಂಪಿನ ಮಿಲಿಟರಿ ಮಂದಿ ಬಂದರೆ ಹಿಂದಿ. ಬ್ಯಾಚಿನ ಹುಡುಗಿಯೊಬ್ಬಳು ಅವಳ ಮುಂದೆ ನಿಂತು ಗುಡ್ ಮಾರ್ನಿಂಗ್ ಹೇಳಿ, ವೆರಿ ಪ್ಲೆಸೆಂಟ್ ವೆದರ್ ಅಂದು, ಕುಡ್ ಯು ಪ್ಲೀಸ್ ಅಂತ ಉಸಿರು ಬಿಗಿ ಹಿಡಿದು ಶುರು ಮಾಡಿದಳು. ವಾಕ್ಯ ಮುಗಿಯುವ ಮೊದಲೇ ಆಯಿ ಉತ್ತರ ಕೊಟ್ಟಳು: ‘ಥರ್ಟಿ. ಫಿಕ್ಸ್.’ ಪಕ್ಕದ ಗಿರಾಕಿಗೆ ಅದೇ ಮೆಂತ್ಯದ ಸಿವುಡು ಕನ್ನಡದಲ್ಲಿ ಇಪ್ಪತ್ತು. ಅವನ ಹಿಂದಿನವನಿಗೆ ಮರಾಠಿಯಲ್ಲೂ ಇಪ್ಪತ್ತೇ. ಹುಡುಗಿ ಥರ್ಟಿ ಕೊಟ್ಟು ಬಂದಳು. ಸರ್ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಇಂಗ್ಲಿಷ್ ಬಂದರೆ ದುಡ್ಡು ಬರುತ್ತದೆ ಅಂತ ಅವರು ಹೇಳುವುದು ಸುಳ್ಳಲ್ಲ. ಯಾರಿಗೆ ಬರುತ್ತದೆ ಅಂತ ಮಾತ್ರ ಹೇಳಿರಲಿಲ್ಲ.

ಹಾಗೆ ನೋಡಿದರೆ ಇಂಗ್ಲಿಷು ಈ ಊರಿಗೆ ಹೊಸಬ ಅಲ್ಲ. 1818ರಲ್ಲಿ ಕೋಟೆಗೆ ಮುತ್ತಿಗೆ ಹಾಕಿ, ಗೆದ್ದು ಒಳಗೆ ಬಂತು. ಕ್ಯಾಂಪಿನಲ್ಲಿ ಚರ್ಚು, ಬಂಗ್ಲೆ, ಕಾನ್ವೆಂಟು ಕಟ್ಟಿಕೊಂಡು ಕೂತಿತು. ಗಲ್ಲಿಯೊಳಗೆ ಬರಬೇಕಾದಾಗ ಮಾತ್ರ ಚಪ್ಪಲಿ ಬಾಗಿಲಲ್ಲಿ ಬಿಟ್ಟೇ ಬರಬೇಕಾಯಿತು. ಟಿಳಕವಾಡಿಯಲ್ಲಿ ಯಾರನ್ನಾದರೂ ದಾರಿ ಕೇಳಿ. ‘ಫಸ್ಟ್ ಗೇಟ್ ಬಿಡ್ರಿ, ಸೆಕೆಂಡ್ ಗೇಟ್ ದಾಟ್ರಿ, ಲೆಫ್ಟ್ ಹೊಡದು ಸ್ಟ್ರೇಟ್ ಹೋಗ್ರಿ.’ ನಾಲ್ಕು ಕ್ರಿಯಾಪದ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷೇ. ಮನೆಯೂ ತಪ್ಪದೆ ಸಿಗುತ್ತದೆ. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ ಅಷ್ಟೇ.

ಇದೆಲ್ಲ ಸರ್ ಒಬ್ಬರ ತಪ್ಪು ಅಂದರೆ ಅನ್ಯಾಯ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಿ ಅಂತ ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2014ರ ಮೇ ತಿಂಗಳಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿ ಆಯಿತು. ಬೋರ್ಡಿನ ಮೇಲೆ ಕನ್ನಡ, ಪಾಟಿಚೀಲದೊಳಗೆ ಇಂಗ್ಲಿಷ್. 2019ರಲ್ಲಿ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಇನ್ನು ನಮ್ಮ ಊರಿನ ಹೋರಾಟಗಾರರು. ನವೆಂಬರ್ 1 ಬಂದರೆ ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಡೊಳ್ಳು, ಅತ್ತ ಊರು ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಕರಾಳ ದಿನದ ಕಪ್ಪು ಬಾವುಟ. ಬೋರ್ಡಿನ ವಿಷಯಕ್ಕೆ ಎರಡೂ ಕಡೆಯವರು ಪ್ರಾಣ ಬೇಕಾದರೂ ಕೊಡುತ್ತಾರೆ. ಅವರ ಮಕ್ಕಳು ಇದೇ ಬ್ಯಾಚಿನಲ್ಲಿ, ಒಂದೇ ಬೆಂಚಿನ ಮೇಲೆ ಒತ್ತಿ ಕೂತು ‘ಮೈಸೆಲ್ಫ್’ ಅಂತ ಪರಿಚಯ ಹೇಳಿಕೊಳ್ಳುತ್ತಿವೆ. ಗಡಿ ವಿವಾದಕ್ಕೆ ಇಷ್ಟು ಅಗ್ಗದ ಪರಿಹಾರ 1967ರ ಮಹಾಜನ್ ವರದಿಗೂ ಹೊಳೆದಿರಲಿಲ್ಲ.

ಇಂಗ್ಲಿಷ್ ಬೇಡ ಅನ್ನುತ್ತಿಲ್ಲ ನಾನು. ಪುಣೆಯ ಕಂಪನಿಯ ಇಂಟರ್‌ವ್ಯೂನಲ್ಲಿ ಗಣಪತ್ ಗಲ್ಲಿಯ ಚೌಕಾಶಿ ನಡೆಯುವುದಿಲ್ಲ, ಅದು ಹುಡುಗರಿಗೆ ಹೊಟ್ಟೆಪಾಡು. ಆದರೆ ಹೊಸ ಭಾಷೆ ಬರಲಿ ಅಂತ ಹಳೇ ಭಾಷೆಗೆ ದಂಡ ಹಾಕುವುದು ಯಾವ ಊರಿನ ಲೆಕ್ಕ? ಆ ಆಯಿ ತನ್ನ ನಾಲ್ಕು ಭಾಷೆಯಲ್ಲಿ ಒಂದನ್ನೂ ಫೀ ಕಟ್ಟಿ ಕಲಿತವಳಲ್ಲ. ಒಂದು ಕಲಿಯುವಾಗ ಇನ್ನೊಂದನ್ನು ಬಿಡು ಅಂತ ಅವಳಿಗೆ ಯಾರೂ ಹೇಳಿರಲೂ ಇಲ್ಲ.

ಮೊನ್ನೆ ಮಂಗಳವಾರ ಸರ್ ಒಬ್ಬರೇ ಬಂದಿದ್ದರು. ಬ್ಯಾಚು ಇಲ್ಲ, ರಸೀದಿ ಪುಸ್ತಕ ಇಲ್ಲ, ಕೈಯಲ್ಲಿ ಬಟ್ಟೆ ಚೀಲ. ಆಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಿವುಡು ಹೊರಳಿಸಿ ಹೊರಳಿಸಿ ನೋಡಿದರು.

‘ಮೆಂತ್ಯ ಹೆಂಗ ಆಯಿ? ಬಾಡ್ಯಾವಲ್ಲ ಇವು. ಹದಿನೈದಕ್ಕ ಕೊಡು.’

ಆಯಿ ಸಿವುಡನ್ನು ಚೀಲಕ್ಕೆ ಹಾಕಿ ಕೈ ಚಾಚಿದಳು. ‘ಮೂವತ್ತ ಕೊಡ್ರಿ ಸರ.’

‘ಎಲ್ಲಾರಿಗೂ ಇಪ್ಪತ್ತ ಅಲ್ಲೇನ?’

‘ಹೌದ್ರಿ. ಪಲ್ಲೆಕ್ಕ ಇಪ್ಪತ್ತ. ಕನ್ನಡ ಮಾತಾಡಿದ್ದಕ್ಕ ದಂಡ ಹತ್ತ.’